ಎಣಿಕೆಗೆ ಸಿಗದ ಕನ್ನಡ ಓದುಗರು: ಜಾವಾಸ್ಕ್ರಿಪ್ಟ್ ಆ್ಯಪ್‌ಗೆ ಅನಾಲಿಟಿಕ್ಸ್ ಅಳವಡಿಸುವ ಬಗೆ

ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ಅಡಿಕೆ ಬೆಳೆಗಾರರಿಗಾಗಿ ನಾವು ನಾಲ್ಕು ಮಂದಿ ಗೆಳೆಯರು ಒಂದು ಸಣ್ಣ ವೆಬ್ ಆ್ಯಪ್ ಮಾಡಿದ್ದೇವೆ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿ, ಕೋಕ, ಹೀಗೆ ಬಗೆಬಗೆಯ ಅಡಿಕೆಯ ಆ ದಿನದ ಧಾರಣೆ ಅದರಲ್ಲಿ ಸಿಗುತ್ತದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಎಷ್ಟು ಮೈಲುತುತ್ತು, ಎಷ್ಟು ಸುಣ್ಣ ಎಂದು ಲೆಕ್ಕ ಹಾಕಿಕೊಡುವ ಪುಟವೂ ಉಂಟು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಓದಬಹುದು. ಒಂದು ವರ್ಷ ನಡೆಸಿದ ಮೇಲೆ ನಾಲ್ವರೂ ಕೂತು ಅನಾಲಿಟಿಕ್ಸ್ ವರದಿ, ಅಂದರೆ ಯಾರು ಏನು ಎಷ್ಟು ನೋಡಿದರೆಂಬ ಲೆಕ್ಕ, ತೆರೆದೆವು. ಭಾಷೆಯ ಪಟ್ಟಿಯಲ್ಲಿ ಮೇಲಿನಿಂದ ಇಂಗ್ಲಿಷೇ ಇಂಗ್ಲಿಷ್. ಕನ್ನಡ ಎಲ್ಲೋ ತಳದಲ್ಲಿತ್ತು. 'ಓದುವವರೇ ಇಲ್ಲದಿದ್ದರೆ ವಾರ ವಾರ ಕನ್ನಡಕ್ಕೆ ಅಂತ ಯಾಕೆ ಇಷ್ಟು ಕಷ್ಟಪಡುವುದು?' ಎಂದು ನಮ್ಮಲ್ಲೊಬ್ಬ ಕೇಳಿದ. ಆ ವರದಿಯನ್ನು ನಂಬುವುದಾದರೆ ಅವನ ಪ್ರಶ್ನೆ ನ್ಯಾಯವೇ.

ಮರುದಿನ ನೆರೆಮನೆಯ ಮಾವನಲ್ಲಿಗೆ ಹೋದೆ. ಅಂಗಳದಲ್ಲಿ ಅಡಿಕೆ ಹರಗಿತ್ತು. ಮಾವ ಜಗಲಿಯಲ್ಲಿ ಕೂತು ನಮ್ಮ ಆ್ಯಪ್ ತೆರೆದರು. ಮೊದಲು ಇಂಗ್ಲಿಷ್ ಬಂತು. ಮೂಲೆಯ ಬಟನ್ ಒತ್ತಿ ಕನ್ನಡ ಮಾಡಿಕೊಂಡು, ಪಟೋರಕ್ಕೆ ಎಷ್ಟು ಎಂದು ಓದಿದರು. 'ಫೋನು ಇಂಗ್ಲಿಷಿನಲ್ಲೇ ಉಂಟಲ್ಲ ಮಾವ?' ಎಂದೆ. 'ಅದು ಅಂಗಡಿಯವ ಹಾಕಿ ಕೊಟ್ಟ ಹಾಗೆಯೇ ಉಂಟು, ನಾನು ಮುಟ್ಟಲಿಲ್ಲ. ಧಾರಣೆ ಓದುದೆಲ್ಲ ಕನ್ನಡದಲ್ಲೇ' ಎಂದರು.

ನಮ್ಮ ವರದಿ ಅಳೆದದ್ದು ಮಾವನ ಫೋನಿನ ಭಾಷೆಯನ್ನು. ಮಾವ ಓದಿದ ಭಾಷೆ ಅದಕ್ಕೆ ಗೊತ್ತೇ ಇರಲಿಲ್ಲ, ಯಾಕೆಂದರೆ ನಾವು ಅದನ್ನು ಹೇಳಿರಲಿಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಕಾಸರಗೋಡಿನ ಕನ್ನಡದವರಿಗೆ ಎಣಿಕೆಯ ಬೆಲೆ ಚೆನ್ನಾಗಿ ಗೊತ್ತು. ಶಾಲೆಯಲ್ಲಿ ಮಕ್ಕಳ ಲೆಕ್ಕ ಕಮ್ಮಿಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ. ಆ್ಯಪ್‌ನಲ್ಲೂ ಅಷ್ಟೇ. ತಪ್ಪಾಗಿ ಎಣಿಸಿದರೆ ಇರುವ ಓದುಗರೂ ಇಲ್ಲದವರಾಗುತ್ತಾರೆ. ಹಾಗಾಗಿ ಜಾವಾಸ್ಕ್ರಿಪ್ಟ್ ಆ್ಯಪ್ ಒಂದಕ್ಕೆ ಅನಾಲಿಟಿಕ್ಸ್ ಸೇರಿಸುವಾಗ ಒಳಗೆ ಏನು ನಡೆಯುತ್ತದೆ, ಎಲ್ಲಿ ಲೆಕ್ಕ ತಪ್ಪುತ್ತದೆ ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ವೆಬ್‌ಸೈಟಿಗೆ ಬಂದವರನ್ನು ಎಣಿಸುವ ಹಳೆಯ ದಾರಿ ಸರ್ವರ್ ಲಾಗ್. ಯಾವ ಪುಟ ಯಾವಾಗ ಕೇಳಿದರು ಎಂದು ಸರ್ವರ್ ಒಂದೊಂದು ಸಾಲು ಬರೆದಿಡುತ್ತದೆ, ಆಮೇಲೆ ಆ ಸಾಲುಗಳನ್ನು ಕೂಡಿಸಿದರಾಯಿತು. ಈಗ ಹೆಚ್ಚಿನವರು ಹಿಡಿದಿರುವುದು ಇನ್ನೊಂದು ದಾರಿ: ಪುಟದೊಳಗೆ ಒಂದು ಸಣ್ಣ ಸ್ಕ್ರಿಪ್ಟ್ ಇಡುವುದು. ಓದುಗರ ಬ್ರೌಸರ್ ಆ ಸ್ಕ್ರಿಪ್ಟನ್ನು ನಡೆಸುತ್ತದೆ. ಪುಟದ ವಿಳಾಸ, ಶೀರ್ಷಿಕೆ, ಪರದೆಯ ಅಳತೆ, ಬ್ರೌಸರ್ ಭಾಷೆ, ಯಾವ ಕೊಂಡಿಯಿಂದ ಬಂದರು ಎಂಬ ವಿವರಗಳನ್ನು ಅದು ಒಟ್ಟು ಮಾಡಿ ಎಣಿಸುವ ಸರ್ವರಿಗೆ ಕಳಿಸುತ್ತದೆ. 2005ರಲ್ಲಿ ಗೂಗಲ್ ಕಂಪನಿ ಅರ್ಚಿನ್ ಎಂಬ ಸಂಸ್ಥೆಯನ್ನು ಕೊಂಡುಕೊಂಡಿತು. ಅದೇ ವರ್ಷ ನವೆಂಬರಿನಲ್ಲಿ ಗೂಗಲ್ ಅನಾಲಿಟಿಕ್ಸ್ ಶುರುವಾಯಿತು, ಈ ದಾರಿ ಎಲ್ಲ ಕಡೆ ಹಬ್ಬಿತು. ಅದರ ಹಳೆಯ ಆವೃತ್ತಿಯು 2023ರ ಜುಲೈ 1ರಿಂದ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಈಗ ಇರುವುದು 2020ರಲ್ಲಿ ಬಂದ ಜಿಎ4, ಅಂದರೆ ಗೂಗಲ್ ಅನಾಲಿಟಿಕ್ಸ್ 4. ಹಳೆಯ ಪಾಠ ನೋಡಿ ಹಾಕಿದ ಕೋಡು ಈಗ ಸುಮ್ಮನೆ ಕೂತಿರುತ್ತದೆ, ತಪ್ಪೆಂದೂ ಹೇಳುವುದಿಲ್ಲ.

ಆ್ಯಪ್ ಕಟ್ಟುವ ಸಿದ್ಧ ಚೌಕಟ್ಟುಗಳಾದ ರಿಯಾಕ್ಟ್, ವ್ಯೂ, ಆಂಗ್ಯುಲರ್‌ನಲ್ಲಿ ಕಟ್ಟಿದ ಆ್ಯಪ್‌ಗೆ ಬಂದಾಗ ಈ ದಾರಿಯಲ್ಲಿ ಒಂದು ತೊಡಕು ಎದುರಾಗುತ್ತದೆ. ಅದು ಅರ್ಥವಾಗಲು ಟೆಂಟಿನ ಯಕ್ಷಗಾನ ಆಟವನ್ನು ನೆನಪಿಸಿಕೊಳ್ಳಿ. ಬಾಗಿಲಲ್ಲಿ ಟಿಕೆಟ್ ಹರಿಯುವವನಿಗೆ ಒಳಗೆ ಹೋದವರ ಲೆಕ್ಕ ಗೊತ್ತು. ಒಳಗೆ ರಂಗಸ್ಥಳದಲ್ಲಿ ಒಡ್ಡೋಲಗ ಆಯಿತೋ, ಯುದ್ಧ ಆಯಿತೋ, ಯಾವ ವೇಷ ಬಂದಾಗ ಜನ ಎದ್ದು ಚಾ ಕುಡಿಯಲು ಹೋದರೋ ಅವನಿಗೆ ತಿಳಿಯದು. ಹಳೆಯ ಬಗೆಯ ವೆಬ್‌ಸೈಟಿನಲ್ಲಿ ಪ್ರತಿ ಪುಟಕ್ಕೂ ಬೇರೆ ಬಾಗಿಲು. ಕೊಂಡಿ ಒತ್ತಿದಾಗಲೆಲ್ಲ ಹೊಸ ಪುಟ ಬರುತ್ತದೆ, ಸ್ಕ್ರಿಪ್ಟ್ ಹೊಸದಾಗಿ ಓಡುತ್ತದೆ, ಒಂದು ಎಣಿಕೆ ಏರುತ್ತದೆ. ಒಂದೇ ಪುಟದ ಜಾವಾಸ್ಕ್ರಿಪ್ಟ್ ಆ್ಯಪ್‌ನಲ್ಲಿ ಬಾಗಿಲು ಒಂದೇ, ರಂಗಸ್ಥಳವೂ ಒಂದೇ. 'ಧಾರಣೆ'ಯಿಂದ 'ಬೋರ್ಡೋ'ಗೆ ಹೋದಾಗ ಬ್ರೌಸರ್ ಹೊಸ ಪುಟವನ್ನು ತರುವುದಿಲ್ಲ. ಆ್ಯಪ್ ತಾನೇ ಹಳೆಯ ದೃಶ್ಯ ತೆಗೆದು ಹೊಸತನ್ನು ಇಡುತ್ತದೆ, ಪುಶ್‌ಸ್ಟೇಟ್ ಎಂಬ ಕರೆಯಿಂದ ಮೇಲಿನ ವಿಳಾಸವನ್ನು ಮಾತ್ರ ಬದಲಿಸುತ್ತದೆ. ಸ್ಕ್ರಿಪ್ಟ್ ಬಾಗಿಲಲ್ಲೇ ನಿಂತಿರುತ್ತದೆ. ಹತ್ತು ಪುಟ ನೋಡಿದವರೂ ಲೆಕ್ಕದಲ್ಲಿ ಒಂದೇ ಪುಟ ನೋಡಿದವರು.

ಪಾಪ್‌ಸ್ಟೇಟ್ ಎಂಬ ಸೂಚನೆಗೆ ಕಿವಿಗೊಟ್ಟರೆ ಸಾಕೆಂದು ನಾನೂ ಮೊದಲು ಎಣಿಸಿದ್ದೆ. ಆದರೆ ಅದು ಬರುವುದು ಓದುಗರು ಹಿಂದೆ ಮುಂದೆ ಹೋಗುವ ಬಟನ್ ಒತ್ತಿದಾಗ. ಆ್ಯಪ್ ತಾನಾಗಿ ಪುಶ್‌ಸ್ಟೇಟ್ ಕರೆದಾಗ ಅದು ಬರುವುದೇ ಇಲ್ಲ. ಹಾಗಾಗಿ ಕೇಳಬೇಕಾದದ್ದು ಆ್ಯಪ್‌ನ ರೂಟರನ್ನು, ಅಂದರೆ ದೃಶ್ಯ ಬದಲಿಸುವ ಭಾಗವನ್ನು. ಯಾವ ದೃಶ್ಯದಿಂದ ಯಾವ ದೃಶ್ಯಕ್ಕೆ ಹೋದರೆಂದು ಸರಿಯಾಗಿ ಗೊತ್ತಿರುವುದು ಅದಕ್ಕೆ. ರಿಯಾಕ್ಟ್ ರೂಟರಿನಲ್ಲಿ ಯೂಸ್‌ಲೊಕೇಶನ್ ಕೊಡುವ ವಿಳಾಸ ಬದಲಾದಾಗ ಯೂಸ್‌ಎಫೆಕ್ಟ್ (ಬದಲಾವಣೆ ಆದಾಗ ಓಡುವ ಕೋಡು) ಒಳಗಿನಿಂದ ಒಂದು ಪುಟ-ನೋಟ, ಅಂದರೆ 'ಈ ಪುಟ ನೋಡಿದರು' ಎಂಬ ಸಂದೇಶ, ಕಳಿಸಬೇಕು. ವ್ಯೂ ರೂಟರಿನಲ್ಲಿ ಆಫ್ಟರ್‌ಈಚ್ ಎಂಬ ಜಾಗ ಉಂಟು, ಆಂಗ್ಯುಲರ್‌ನಲ್ಲಿ ನ್ಯಾವಿಗೇಶನ್‌ಎಂಡ್.

ಹಾಗೆ ಕಳಿಸಲು ಶುರುಮಾಡಿದ ದಿನ ನಮ್ಮ ಲೆಕ್ಕ ದಿಢೀರನೆ ಇಮ್ಮಡಿ ಆಯಿತು. ಕಾರಣ ಎರಡಿದ್ದವು. ಜಿಎ4ರಲ್ಲಿ ಬ್ರೌಸರಿನ ಇತಿಹಾಸ ಬದಲಾದರೆ ಪುಟ-ನೋಟ ಎಂದು ತಾನೇ ಎಣಿಸಿಕೊಳ್ಳುವ ಒಂದು ಸೌಲಭ್ಯ ಉಂಟು. ಅದೂ ಎಣಿಸಿತು, ನಾವೂ ಎಣಿಸಿದೆವು. ಎರಡರಲ್ಲಿ ಒಂದನ್ನು ಆರಿಸಬೇಕು. ನನ್ನ ಮಟ್ಟಿಗೆ ಕೈಯಾರೆ ಕಳಿಸುವುದೇ ವಾಸಿ, ಯಾಕೆಂದರೆ ತಾನೇ ಎಣಿಸುವ ವಿಧಾನವು ವಿಳಾಸ ಬದಲಾದ ಕ್ಷಣಕ್ಕೇ ಎಣಿಸಿಬಿಡುತ್ತದೆ. ಆಗ ಪುಟದ ಶೀರ್ಷಿಕೆ ಇನ್ನೂ ಬದಲಾಗಿರುವುದಿಲ್ಲ. 'ಬೋರ್ಡೋ' ವಿಳಾಸದ ಎದುರಿಗೆ 'ಇಂದಿನ ಧಾರಣೆ' ಎಂಬ ಶೀರ್ಷಿಕೆ ದಾಖಲಾಗುತ್ತದೆ. ಕೈಯಾರೆ ಕಳಿಸುವುದಾದರೆ ಶೀರ್ಷಿಕೆ ಹಾಕಿದ ಮೇಲೆ ಕಳಿಸಬಹುದು. ಹಾಗೆ ಮಾಡುವಾಗ ಸ್ಕ್ರಿಪ್ಟ್ ಮೊದಲ ಸಲ ತೆರೆದುಕೊಂಡಾಗ ತಾನಾಗಿ ಕಳಿಸುವ ಪುಟ-ನೋಟವನ್ನೂ ನಿಲ್ಲಿಸಲು ಮರೆಯಬಾರದು. ಎರಡನೆಯ ಕಾರಣ ರಿಯಾಕ್ಟ್‌ನ ಸ್ಟ್ರಿಕ್ಟ್ ಮೋಡ್, ಕೋಡಿನ ತಪ್ಪು ಹುಡುಕಲು ಇರುವ ವ್ಯವಸ್ಥೆ. 18ನೇ ಆವೃತ್ತಿಯಿಂದ ಈಚೆಗೆ ಅದು ಕೋಡು ಬರೆಯುವ ಹಂತದಲ್ಲಿ ಎಫೆಕ್ಟುಗಳನ್ನು ಬೇಕೆಂದೇ ಎರಡು ಸಲ ಓಡಿಸುತ್ತದೆ. ಜನರ ಕೈಗೆ ಹೋಗುವ ಆವೃತ್ತಿಯಲ್ಲಿ ಹಾಗಾಗದು. ಅದನ್ನು ದೋಷವೆಂದು ತಿಳಿದು ತಿದ್ದಲು ಹೋಗಬೇಡಿ. ನಮ್ಮ ಸ್ವಂತ ಕಂಪ್ಯೂಟರಿನಿಂದ ಯಾವ ಎಣಿಕೆಯೂ ಹೋಗದ ಹಾಗೆ ಮಾಡಿಕೊಂಡರಾಯಿತು.

ಇನ್ನೊಂದು ಪ್ರಶ್ನೆ ಕೇಳುವವರಿದ್ದಾರೆ: ಎಣಿಸುವ ಸ್ಕ್ರಿಪ್ಟ್ ಇಂಟರ್‌ನೆಟ್ಟಿನಿಂದ ಬಂದು ಮುಟ್ಟುವ ಮೊದಲೇ ಓದುಗರು ಏನಾದರೂ ಒತ್ತಿದರೆ? ಅದಕ್ಕೆ ಡೇಟಾಲೇಯರ್ ಎಂಬ ಒಂದು ಸಾಲು ಇರುತ್ತದೆ, ಜಾವಾಸ್ಕ್ರಿಪ್ಟಿನ ಮಾಮೂಲಿ ಅರೇ. ಹೇಳಬೇಕಾದದ್ದನ್ನೆಲ್ಲ ಅದರಲ್ಲಿ ಒಂದರ ಹಿಂದೆ ಒಂದು ಇಡುತ್ತಾ ಹೋಗುವುದು. ಸ್ಕ್ರಿಪ್ಟ್ ಬಂದ ಮೇಲೆ ಮೊದಲಿನಿಂದ ಓದಿಕೊಂಡು ಕಳಿಸುತ್ತದೆ. ಆದ್ದರಿಂದ ಸ್ಕ್ರಿಪ್ಟನ್ನು ತಡವಾಗಿ ತಂದರೂ ತೊಂದರೆಯಿಲ್ಲ. ಮುಳ್ಳೇರಿಯದಿಂದ ಒಳಗೆ, ಗುಡ್ಡದ ತಪ್ಪಲಲ್ಲಿ ಒಂದು ಗೀಟು ಸಿಗ್ನಲ್ ಇರುವಲ್ಲಿ ಮೊದಲು ಧಾರಣೆ ಕಾಣಬೇಕು. ಎಣಿಕೆ ಆಮೇಲೆ.

ಪುಟ ಬಿಟ್ಟು ಹೋಗುವ ಹೊತ್ತಿನ ಎಣಿಕೆ ಇದಕ್ಕಿಂತ ಕಷ್ಟದ್ದು. ಫೋನಿನಲ್ಲಿ ಜನ ಪುಟ ಮುಚ್ಚುವುದು ಕಮ್ಮಿ, ಬೇರೆ ಆ್ಯಪ್‌ಗೆ ಹೋಗಿಬಿಡುತ್ತಾರೆ. 'ಪುಟ ಮುಚ್ಚಿತು' ಎಂಬ ಸೂಚನೆಯನ್ನು ನಂಬಿ ಕೂತರೆ ಅದು ಬರದೇ ಹೋಗಬಹುದು. ಪುಟ ಕಣ್ಣಿಂದ ಮರೆಯಾಯಿತು ಎನ್ನುವ ವಿಸಿಬಿಲಿಟಿಚೇಂಜ್ ಸೂಚನೆಗೆ ಕಾದು, ಸೆಂಡ್‌ಬೀಕನ್ ಎಂಬ ಕರೆಯಿಂದ ಕಳಿಸಬೇಕು. ಪುಟ ಹೋದರೂ ಆ ಚೀಟಿಯನ್ನು ಬ್ರೌಸರ್ ತಾನೇ ಮುಟ್ಟಿಸಲು ನೋಡುತ್ತದೆ. ಸಿದ್ಧ ಸ್ಕ್ರಿಪ್ಟುಗಳು ಇದನ್ನು ತಾವೇ ನೋಡಿಕೊಳ್ಳುತ್ತವೆ, ನೀವೇ ಬರೆಯುವುದಾದರೆ ಮಾತ್ರ ನೆನಪಿಡಿ.

ಪುಟ-ನೋಟಕ್ಕಿಂತ ಹೆಚ್ಚು ಹೇಳುವುದು ಘಟನೆಗಳು, ಅಂದರೆ ಓದುಗರು ಪುಟದಲ್ಲಿ ಏನು ಮಾಡಿದರೆಂಬ ಎಣಿಕೆ. ನಮ್ಮ ಬೋರ್ಡೋ ಪುಟವನ್ನೇ ತೆಗೆದುಕೊಳ್ಳಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಲೀಟರ್ ಬರೆದರೆ ಉಳಿದದ್ದು ಕಾಣುತ್ತದೆ. ಪುಟ ತೆರೆದರು ಎಂಬುದರಿಂದ ನಮಗೆ ಏನೂ ತಿಳಿಯದು, ಲೆಕ್ಕ ಹಾಕಿಸಿಕೊಂಡರೋ ಎಂಬುದು ಬೇಕು. ಮೊದಲು ನಾನು ಲೀಟರಿನ ಚೌಕ ಬದಲಾದಾಗಲೆಲ್ಲ ಘಟನೆ ಕಳಿಸುತ್ತಿದ್ದೆ. 200 ಎಂದು ಬರೆಯುವಾಗ 2 ಒತ್ತಿದರೆ ಒಂದು, 0 ಒತ್ತಿದರೆ ಇನ್ನೊಂದು, ಮತ್ತೊಂದು 0 ಒತ್ತಿದರೆ ಮತ್ತೊಂದು. ಒಬ್ಬರು ಒಂದು ಸಲ ಮಾಡಿದ ಲೆಕ್ಕ ಮೂರಾಯಿತು. ಈಗ ಬೆರಳು ನಿಂತು ಎರಡು ಸೆಕೆಂಡು ಕಳೆದ ಮೇಲೆ, ಉತ್ತರ ಪರದೆಯಲ್ಲಿ ಉಳಿದಿದ್ದರೆ, ಒಂದೇ ಸಲ ಕಳಿಸುತ್ತೇವೆ.

ಈ ಕರೆಗಳನ್ನು ಆ್ಯಪ್‌ನ ಎಲ್ಲ ಕಡೆ ಚೆಲ್ಲಾಡಬೇಡಿ. 'ಎಣಿಕೆ' ಎಂಬ ಒಂದೇ ಕಡತ ಮಾಡಿ, ಅದರಲ್ಲಿ ಎರಡೇ ಫಂಕ್ಷನ್ ಇಡಿ: ಪುಟ-ನೋಟಕ್ಕೊಂದು, ಘಟನೆಗೊಂದು. ಉಳಿದ ಕೋಡಿಗೆ ಹಿಂದೆ ಇರುವುದು ಗೂಗಲ್ಲೋ ಮಟೊಮೊ ಎಂಬ ಇನ್ನೊಂದು ಎಣಿಕೆ ಸಾಧನವೋ ತಿಳಿಯಬಾರದು. ನಾಳೆ ಬದಲಿಸಬೇಕಾದರೆ ಒಂದು ಕಡತ ಬದಲಿಸಿದರೆ ಮುಗಿಯುತ್ತದೆ.

ಇನ್ನು ಭಾಷೆಗೆ ಬರೋಣ. ನನಗೆ ಮುಖ್ಯವಾದದ್ದು ಇದೇ.

ವರದಿಯಲ್ಲಿ ಕಾಣುವ ಭಾಷೆ ಎಂದರೆ ಬ್ರೌಸರ್ ತನ್ನದೆಂದು ಹೇಳಿಕೊಳ್ಳುವ ಭಾಷೆ. ನಮ್ಮ ಆ್ಯಪ್‌ನಲ್ಲಿ ಭಾಷೆಯ ಬಟನ್ ಒತ್ತಿದರೆ ವಿಳಾಸ ಬದಲಾಗುತ್ತಿರಲಿಲ್ಲ, ಅಕ್ಷರ ಮಾತ್ರ ಬದಲಾಗುತ್ತಿತ್ತು. ಆದ್ದರಿಂದ ಮಾವ ಕನ್ನಡದಲ್ಲಿ ಓದಿದ್ದಕ್ಕೆ ಎಲ್ಲೂ ಗುರುತು ಉಳಿದಿರಲಿಲ್ಲ. ಇದಕ್ಕೆ ಎರಡು ಪರಿಹಾರ ಉಂಟು, ಎರಡನ್ನೂ ಮಾಡುವುದು ಒಳ್ಳೆಯದು. ವಿಳಾಸದಲ್ಲೇ ಭಾಷೆಯ ಗುರುತು ಬರಲಿ. ಆಗ ಯಾರಾದರೂ ಕೊಂಡಿ ಕಳಿಸಿದರೂ ಕನ್ನಡ ಪುಟವೇ ತೆರೆಯುತ್ತದೆ. ಜೊತೆಗೆ ಪ್ರತಿ ಪುಟ-ನೋಟಕ್ಕೂ ಪ್ರತಿ ಘಟನೆಗೂ 'ಓದಿದ ಭಾಷೆ' ಎಂಬ ಒಂದು ವಿವರವನ್ನು ಅಂಟಿಸಿ. 'ಎಣಿಕೆ' ಕಡತ ಒಂದೇ ಇದ್ದರೆ ಇದು ಎರಡು ಸಾಲಿನ ಕೆಲಸ. ಜಿಎ4ರಲ್ಲಿ ಹಾಗೆ ಕಳಿಸಿದ ವಿವರ ವರದಿಯಲ್ಲಿ ಕಾಣಬೇಕಾದರೆ ಅದನ್ನು ಕಸ್ಟಮ್ ಡೈಮೆನ್ಶನ್ ಎಂದು ಮೊದಲೇ ನೋಂದಾಯಿಸಬೇಕು. ನೋಂದಣಿಗೆ ಹಿಂದಿನ ದಿನಗಳದ್ದು ಆ ಪಟ್ಟಿಗೆ ಬರುವುದಿಲ್ಲ. ನಾವು ಇದು ತಿಳಿಯದೆ ಮೂರು ವಾರದ ಲೆಕ್ಕ ಕಳೆದುಕೊಂಡೆವು.

ಕನ್ನಡ ಅಕ್ಷರಗಳದ್ದೇ ಇನ್ನೊಂದು ಸಂಗತಿ. ಆ್ಯಪ್‌ನ ಹುಡುಕುವ ಚೌಕದಲ್ಲಿ 'ಅಡಿಕೆ' ಎಂದು ಬರೆದರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿಗೆ ಅದು ಅ, ಡ, ಗುಡಿಸು, ಕ, ಏತ್ವ ಎಂದು ಐದು ಸಂಕೇತ. ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್. ವಿಳಾಸದೊಳಗೆ ಹೋಗುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರವಾಗಿ ಮೂರು ಮೂರಾಗುತ್ತದೆ. ಐದು ಸಂಕೇತ ಹೀಗೆ 45 ಅಕ್ಷರವಾಯಿತು. ಜಿಎ4 ಘಟನೆಯ ಒಂದು ವಿವರಕ್ಕೆ ಸಾಮಾನ್ಯವಾಗಿ 100 ಅಕ್ಷರದ ಮಿತಿ. 'ಅಡಿಕೆ ಕೊಳೆರೋಗ' ಎಂದು ಹುಡುಕಿದ್ದನ್ನು ವಿಳಾಸದಿಂದ ಹಾಗೇ ಎತ್ತಿ ಕಳಿಸಿದರೆ ಮುಗಿಯುವ ಮೊದಲೇ ತುಂಡಾಗುತ್ತದೆ. ಇಂಗ್ಲಿಷಿನಲ್ಲಿ ಹುಡುಕಿದವರ ಮಾತು ಪೂರ್ತಿ ಉಳಿಯುತ್ತದೆ, ಕನ್ನಡದಲ್ಲಿ ಹುಡುಕಿದವರದ್ದು ಓದಲಾಗದ ಚೂರಾಗುತ್ತದೆ. ಡಿಕೋಡ್ ಮಾಡಿ, ಕನ್ನಡವನ್ನು ಕನ್ನಡವಾಗಿಯೇ ಕಳಿಸಿ.

ಊರಿನ ವಿಷಯದಲ್ಲೂ ವರದಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಊರನ್ನು ಊಹಿಸುವುದು ಐಪಿ ವಿಳಾಸದಿಂದ. ಮೊಬೈಲ್ ಕಂಪನಿಯ ಜಾಲ ದೊಡ್ಡ ಊರಿನಲ್ಲಿ ಹೊರಬರುವುದರಿಂದ ಬದಿಯಡ್ಕದಲ್ಲಿ ಕೂತ ನನ್ನ ಫೋನನ್ನು ಕೊಚ್ಚಿ ಎಂದು ತೋರಿಸಿದ್ದುಂಟು. ತಲಪಾಡಿ ಕಡೆ ಕರ್ನಾಟಕದ ಸಿಮ್ ಇಟ್ಟುಕೊಂಡವರು ಎಷ್ಟೋ ಮಂದಿ. ಗಡಿಯ ಜನರನ್ನು ಊರಿನ ಪಟ್ಟಿ ನೋಡಿ ಎಣಿಸಲಾಗದು. ನಮಗೆ ಬೇಕಾದ್ದು ಯಾವ ಮಾರುಕಟ್ಟೆಯ ಧಾರಣೆ ನೋಡಿದರು ಎಂಬುದು. ಅದನ್ನು ಘಟನೆಯಲ್ಲೇ ಕಳಿಸುತ್ತೇವೆ, ಊರು ಊಹಿಸುವ ಅಗತ್ಯವೇ ಬೀಳಲಿಲ್ಲ. ಕಾಲವಲಯವನ್ನು ಭಾರತಕ್ಕೆ ಹೊಂದಿಸಿದ್ದೀರಾ ಎಂದೂ ನೋಡಿಕೊಳ್ಳಿ. ಅಮೆರಿಕದ ಪಶ್ಚಿಮ ಕರಾವಳಿಯ ಸಮಯ ಹಾಗೇ ಉಳಿದಿದ್ದರೆ ನಿಮ್ಮ ವರದಿಯ ದಿನ ಬದಲಾಗುವುದು ನಮ್ಮ ಮಧ್ಯಾಹ್ನ ಹನ್ನೆರಡೂವರೆಗೋ ಒಂದೂವರೆಗೋ.

ಎಲ್ಲಿಂದ ಬಂದರು ಎಂಬ ಪಟ್ಟಿಯಲ್ಲಿ 'ನೇರ' ಎಂಬುದು ತುಂಬಾ ದೊಡ್ಡದಾಗಿ ಕಂಡರೆ ಜನ ವಿಳಾಸವನ್ನು ಬಾಯಿಪಾಠ ಮಾಡಿ ಟೈಪ್ ಮಾಡುತ್ತಾರೆಂದು ತಿಳಿಯಬೇಡಿ. ಅದು ಬಹುತೇಕ ವಾಟ್ಸ್ಆ್ಯಪ್. ಅಲ್ಲಿಂದ ಕೊಂಡಿ ಒತ್ತಿ ಬಂದವರ ಮೂಲ ಬ್ರೌಸರಿಗೆ ತಿಳಿಯುವುದಿಲ್ಲ. ಹಂಚುವ ಬಟನ್‌ನಿಂದ ಹೋಗುವ ಕೊಂಡಿಗೆ ಎಲ್ಲಿಂದ ಬಂದರೆಂದು ಹೇಳುವ ಯುಟಿಎಮ್ ಬಾಲ ಸೇರಿಸಿದರೆ ಇದು ಬಿಡಿಸಿಕೊಳ್ಳುತ್ತದೆ. ಅರ್ಚಿನ್ ಟ್ರ್ಯಾಕಿಂಗ್ ಮಾಡ್ಯೂಲ್ ಎಂಬುದರ ಮೊದಲಕ್ಷರಗಳವು. ಆ ಕಂಪನಿಯ ಹೆಸರು ಇಂದಿಗೂ ಹೀಗೆ ಉಳಿದಿದೆ.

ವರದಿಯ ಒಂದೆರಡು ಪದಗಳ ಬಗ್ಗೆಯೂ ಹೇಳಬೇಕು. 'ಬಳಕೆದಾರ' ಎಂದರೆ ಮನುಷ್ಯ ಅಲ್ಲ, ಒಂದು ಬ್ರೌಸರಿನಲ್ಲಿ ಇಟ್ಟ ಕುಕಿ ಎಂಬ ಒಂದು ಗುರುತಿನ ಚೀಟಿ. ಒಂದೇ ಫೋನಿನಲ್ಲಿ ಮನೆಮಂದಿಯೆಲ್ಲ ನೋಡಿದರೆ ಒಬ್ಬ ಬಳಕೆದಾರ, ಮಗ ಫೋನಿನಲ್ಲೂ ಆಫೀಸಿನಲ್ಲೂ ನೋಡಿದರೆ ಇಬ್ಬರು. ಜಾಹೀರಾತು ತಡೆಯುವ ಬ್ರೌಸರ್ ಇಟ್ಟುಕೊಂಡವರು ಲೆಕ್ಕಕ್ಕೇ ಸಿಗುವುದಿಲ್ಲ. ಐಫೋನಿನ ಸಫಾರಿ ಸ್ಕ್ರಿಪ್ಟ್ ಬರೆದ ಕುಕಿಯನ್ನು 7 ದಿನಕ್ಕೆ ಅಳಿಸುತ್ತದೆ. ವಾರ ಬಿಟ್ಟು ಬಂದ ಹಳಬರೂ ಅಲ್ಲಿ ಹೊಸಬರೇ. ಜಿಎ4 10 ಸೆಕೆಂಡಿಗಿಂತ ಹೆಚ್ಚು ನಿಂತ ಭೇಟಿಯನ್ನು, ಎರಡು ಪುಟ ನೋಡಿದ ಭೇಟಿಯನ್ನು, ಅಥವಾ ನಾವು ಮುಖ್ಯವೆಂದು ಗುರುತಿಸಿದ ಘಟನೆ ನಡೆದ ಭೇಟಿಯನ್ನು ಮಾತ್ರ 'ತೊಡಗಿಕೊಂಡದ್ದು' ಎನ್ನುತ್ತದೆ. ನಮ್ಮ ಆ್ಯಪ್‌ಗೆ ಆ ಅಳತೆ ಹೊಂದುವುದಿಲ್ಲ. ಬೆಳಿಗ್ಗೆ ಧಾರಣೆ ನೋಡಿ ಐದು ಸೆಕೆಂಡಿನಲ್ಲಿ ತೋಟಕ್ಕೆ ಹೋದವರಿಗೆ ಬೇಕಾದ್ದು ಸಿಕ್ಕಿದೆ. ಅವರನ್ನು ಇನ್ನಷ್ಟು ಹೊತ್ತು ಹಿಡಿದಿಡುವುದು ನಮ್ಮ ಕೆಲಸ ಅಲ್ಲ.

ಒಪ್ಪಿಗೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನರ ಮಾಹಿತಿ ತೆಗೆದುಕೊಳ್ಳಲು ಒಪ್ಪಿಗೆ ಕೇಳುವಾಗ ಏನು ತೆಗೆದುಕೊಳ್ಳುತ್ತೇವೆ, ಯಾಕೆ ಎಂದು ತಿಳಿಸಬೇಕು. ಆ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದಾದರೂ ಭಾಷೆಯಲ್ಲೋ ಓದುವ ಆಯ್ಕೆ ಕೊಡಬೇಕು. ಕನ್ನಡ, ಮಲಯಾಳ ಎರಡೂ ಆ ಪಟ್ಟಿಯಲ್ಲಿವೆ, ತುಳು ಇಲ್ಲ. 18 ವರ್ಷದೊಳಗಿನ ಮಕ್ಕಳ ಚಟುವಟಿಕೆಯ ಜಾಡು ಹಿಡಿಯುವುದನ್ನು ಕಾಯ್ದೆ ತಡೆಯುತ್ತದೆ. ಶಾಲೆಯ ಮಕ್ಕಳಿಗೆಂದು ಆ್ಯಪ್ ಮಾಡುವವರು ಇದನ್ನು ಮೊದಲೇ ಯೋಚಿಸಬೇಕು. ಫೋನ್ ನಂಬರ್, ಹೆಸರು ಯಾವ ಕಾರಣಕ್ಕೂ ವಿಳಾಸದೊಳಗೆ ಬರಬಾರದು. ವಿಳಾಸ ಎಣಿಕೆಯ ಜೊತೆ ಹಾಗೇ ಹೊರಗೆ ಹೋಗುತ್ತದೆ.

ಕುಕಿಯೇ ಬೇಡ ಎನ್ನುವವರಿಗೆ ಪ್ಲಾಸಿಬಲ್, ಉಮಾಮಿಯಂಥವು ಇವೆ. ಪುಶ್‌ಸ್ಟೇಟ್ ಬದಲಾವಣೆಯನ್ನು ಅವು ತಾವೇ ಹಿಡಿಯುತ್ತವೆ. ಮೊದಲು ಪಿವಿಕ್ ಎಂದಿದ್ದ ಮಟೊಮೊವನ್ನು ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು. ಸಣ್ಣ ಊರಿನ ಸಣ್ಣ ಆ್ಯಪ್‌ಗೆ ನಾನಾದರೆ ಇಂಥದ್ದನ್ನೇ ಹೇಳುತ್ತೇನೆ. ಗೂಗಲ್‌ನ ವರದಿಯಲ್ಲಿ ನಾವು ನೋಡದ ಪಟ್ಟಿಗಳೇ ಹೆಚ್ಚು.

ಬಿಡುಗಡೆಗೆ ಮುಂಚೆ ಎರಡು ಫೋನು ಹಿಡಿದು ಕೂತುಕೊಳ್ಳಿ. ಕಂಪ್ಯೂಟರಿನಲ್ಲಿ ಬ್ರೌಸರಿನ ನೆಟ್‌ವರ್ಕ್ ಪಟ್ಟಿ ತೆರೆದಿಟ್ಟು, ಒಂದೊಂದೇ ಪುಟ ಬದಲಿಸುತ್ತಾ ಪ್ರತಿ ಸಲ ಒಂದೇ ಒಂದು ಎಣಿಕೆ ಹೋಗುತ್ತದೆಯೇ, ಶೀರ್ಷಿಕೆ ಸರಿಯಿದೆಯೇ, ಭಾಷೆ ಅಂಟಿಕೊಂಡಿದೆಯೇ ಎಂದು ನೋಡಿ. ಹಿಂದೆ ಹೋಗುವ ಬಟನ್ ಒತ್ತಿ ನೋಡಿ. ಭಾಷೆ ಬದಲಿಸಿ ನೋಡಿ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಪಟ್ಟಿಯಲ್ಲಿ ಕನ್ನಡ ಮೇಲೆ ಬಂದಿತ್ತು, ಅದನ್ನು ತೆಗೆಯುವ ಮಾತು ಆಮೇಲೆ ಏಳಲಿಲ್ಲ. ಅದರ ಜೊತೆಗೆ ನಾವು ಹುಡುಕದೇ ಇದ್ದ ಒಂದು ಸಂಗತಿಯೂ ಕಂಡಿತು. ಕನ್ನಡದಲ್ಲಿ ಓದಿದವರಲ್ಲಿ ಹೆಚ್ಚಿನವರ ಮೊದಲ ಪುಟ ಇಂಗ್ಲಿಷಿನದ್ದು, ಎರಡನೆಯ ಘಟನೆ ಭಾಷೆಯ ಬಟನ್. ವರದಿ ಮಾಡಿದ ತಪ್ಪನ್ನೇ ನಮ್ಮ ಆ್ಯಪ್ ಕೂಡ ದಿನಾ ಮಾಡುತ್ತಿತ್ತು: ಫೋನಿನ ಭಾಷೆ ನೋಡಿ ಇಂಗ್ಲಿಷ್ ತೆರೆಯುತ್ತಿತ್ತು. ಈಗ ಮೊದಲ ಸಲ ತೆರೆದಾಗ ಮೂರು ಭಾಷೆಯ ಹೆಸರು ಅದರದರ ಲಿಪಿಯಲ್ಲೇ ಕಾಣುತ್ತದೆ. ಮುಟ್ಟಿದ್ದನ್ನು ಆ್ಯಪ್ ನೆನಪಿಟ್ಟುಕೊಳ್ಳುತ್ತದೆ. ಮಾವ ಈಗ ಮೂಲೆಯ ಬಟನ್ ಹುಡುಕುವುದಿಲ್ಲ.